ಅದೇ ಮಕ್ಕಳೋ, ಬೇರೆ ಮಕ್ಕಳೋ?

ಹನೂರಿನಲ್ಲಿ ಬೋಧನಾಭ್ಯಾಸದ ವೇಳೆ ಎಂಟನೇ ತರಗತಿಯ 20 ಮಕ್ಕಳಿಗೆ ಸ್ಮೃತಿ ಪ್ರಯೋಗ ಮಾಡಿಸಿದೆ: ಒಂದು ಪಟ್ಟಿ ಅರ್ಥಪೂರ್ಣ ಪದಗಳದು, ಇನ್ನೊಂದು ಅರ್ಥರಹಿತ ಪದಗಳದು. ಅಂಕಗಳ ಕಾಲಂ ಎರಡಿದ್ದುದರಿಂದ ಗುಂಪೂ ಎರಡೆಂದು ಭಾವಿಸಿ ಸ್ವತಂತ್ರ ಟಿ-ಪರೀಕ್ಷೆ ಬಳಸಿದೆ. ಅದು ತಪ್ಪು.

ಎರಡೂ ಕಾಲಂಗಳಲ್ಲಿರುವುದು ಅದೇ ಮಕ್ಕಳು. ನೆನಪು ಚುರುಕಾಗಿರುವ ಮಗು ಸಾಮಾನ್ಯವಾಗಿ ಎರಡರಲ್ಲೂ ಮುಂದಿರುತ್ತದೆ. ಮಕ್ಕಳ ನಡುವಿನ ಈ ಅಂತರ ಲೆಕ್ಕದಲ್ಲಿ ಬೆರೆತರೆ ಪಟ್ಟಿಗಳ ನಡುವಿನ ಅಂತರ ಮರೆಯಾಗಿ, ‘ಅರ್ಥ ತಿಳಿದರೂ ನೆನಪಿಗೆ ಲಾಭವಿಲ್ಲ’ ಎಂಬ ತಪ್ಪು ತೀರ್ಮಾನ ವರದಿಗೆ ಸೇರಬಹುದು. ಪ್ರತಿ ಮಗುವಿನ ಎರಡು ಅಂಕಗಳ ವ್ಯತ್ಯಾಸ ತೆಗೆದು ಜೋಡಿ ಟಿ-ಪರೀಕ್ಷೆ ಮಾಡಬೇಕು. ಆಗ ಡಿಗ್ರೀಸ್ ಆಫ್ ಫ್ರೀಡಂ 38 ಅಲ್ಲ, 19.

ಕೊಳ್ಳೇಗಾಲದಲ್ಲಾಗಲಿ ಯಳಂದೂರಿನಲ್ಲಾಗಲಿ, ಚೀಟಿ ಎತ್ತಿ ತರಗತಿಯನ್ನು ಎರಡು ಗುಂಪು ಮಾಡಿ ಗುಂಪಿಗೊಂದೇ ಪಟ್ಟಿ ಕೊಟ್ಟರೆ ಸ್ವತಂತ್ರ ಪರೀಕ್ಷೆಯೇ ಸರಿ. ಸೂತ್ರ ಹುಡುಕುವ ಮುನ್ನ ಹೆಸರುಗಳ ಪಟ್ಟಿ ನೋಡೋಣ.