ಪ್ರಯೋಗಶಾಲೆಯ ಯಂತ್ರಹಸ್ತವೂ ಅದನ್ನು ನಡೆಯಿಸುವ ಮುಕ್ತ ತಂತ್ರಾಂಶವೂ

ಚಂದ್ರಂಪಳ್ಳಿ ಜಲಾಶಯದ ಆಸುಪಾಸಿನಲ್ಲಿಯೂ ಚಿಂಚೋಳಿ, ಸೇಡಂ, ಚಿತ್ತಾಪುರ ತಾಲ್ಲೂಕುಗಳ ಎರೆಭೂಮಿಗಳಲ್ಲಿಯೂ ತೊಗರಿಯೇ ರೈತನ ಮುಖ್ಯಾಧಾರವೆಂಬುದನ್ನು ಗ್ರಾಮಮುಖ್ಯಸ್ಥರಿಗೂ ಭೂಮಾಲಿಕರಿಗೂ ಹೇಳಬೇಕಾದುದಿಲ್ಲ. 2022ರ ಹಂಗಾಮಿನಲ್ಲಿ ನೆಟೆರೋಗವು ಈ ಜಿಲ್ಲೆಯ ನಿಂತ ಬೆಳೆಯನ್ನು ಒಣಗಿಸಿದ್ದನ್ನು ಯಾರೂ ಮರೆತಿರಲಾರರು. ಫ್ಯುಸೇರಿಯಂ ಉಡಂ ಎಂಬ ಶಿಲೀಂಧ್ರವು ಮಣ್ಣಿನಲ್ಲಿದ್ದುಕೊಂಡು, ಬೇರಿನ ಮೂಲಕ ಒಳಹೊಕ್ಕು, ನೀರೇರುವ ನಾಳಗಳನ್ನು ಕಟ್ಟಿಬಿಡುವುದು. ಎಲೆಯ ಮೇಲೆ ಔಷಧವನ್ನು ಸಿಂಪಡಿಸಿ ಇದನ್ನು ನಿಲ್ಲಿಸಲಾಗದು; ರೋಗವನ್ನು ತಾಳಬಲ್ಲ ತಳಿಯೇ ಮುಖ್ಯ ರಕ್ಷಣೆ. ಮಾರುತಿ, ಆಶಾ, ಟಿಎಸ್-3ಆರ್ ಎಂಬವು ಅಂತಹ ತಳಿಗಳು.

ಹಿಂದೆ ತಳಿಯನ್ನಾರಿಸಲು ರೋಗಪೀಡಿತ ಹೊಲದಲ್ಲಿ ಬಿತ್ತಿ, ಉಳಿದ ಗಿಡವನ್ನು ಹಿಡಿಯುವುದೇ ಮಾರ್ಗವಾಗಿತ್ತು. ಇಂದಿಗೂ ಅದನ್ನು ಬಿಟ್ಟಿಲ್ಲ. ಆದರೆ 2011ರಲ್ಲಿ, ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ಮುಂದಾಳುತನದಲ್ಲಿ ತೊಗರಿಯ ಅನುವಂಶಿಕ ನಕ್ಷೆಯು ಪ್ರಕಟವಾಗಿ, ಅದರಲ್ಲಿ 48,680 ಜೀನುಗಳನ್ನು ಗುರುತಿಸಲಾಯಿತು. ಎಳೆಯ ಸಸಿಯ ಎಲೆಯನ್ನೇ ಪರೀಕ್ಷಿಸಿ, ಬೇಕಾದ ಗುಣದ ಗುರುತು ಅದರಲ್ಲಿದೆಯೇ ಎಂದು ನೋಡುವ ಕೆಲಸಕ್ಕೆ ಇದರಿಂದ ಬಹಳ ಅನುಕೂಲವಾಯಿತು.

ಈ ಪರೀಕ್ಷೆಯು ನಡೆಯುವುದು ಅಂಗೈಯಗಲದ ಒಂದು ತಟ್ಟೆಯಲ್ಲಿ. ಅಳಗುಳಿಮಣೆಯಂತೆ ಅದರಲ್ಲಿ ಗುಳಿಗಳುಂಟು: ಎಂಟು ಸಾಲು, ಸಾಲಿಗೆ ಹನ್ನೆರಡು, ಒಟ್ಟು 96. ಒಂದೊಂದು ಗುಳಿಗೆ ಒಂದೊಂದು ಸಸಿಯ ರಸ. ಅಳತೆ ಹತ್ತಿಪ್ಪತ್ತು ಮೈಕ್ರೋಲೀಟರ್, ಎಂದರೆ ಒಂದು ಹನಿಗಿಂತಲೂ ಕಡಿಮೆ. ಈ ಲೇಖಕನು ವಿದ್ಯಾರ್ಥಿಯಾಗಿದ್ದಾಗ ಅರವತ್ತನೆಯ ಗುಳಿಯ ಸಮೀಪದಲ್ಲಿ ಎಣಿಕೆ ತಪ್ಪಿ ಇಡೀ ತಟ್ಟೆಯನ್ನು ಚೆಲ್ಲಬೇಕಾಯಿತು. ಸಾವಿರಾರು ಸಸಿಗಳಾದರೆ ಮನುಷ್ಯನ ಕೈ ಸೋಲುವುದು ಸಹಜವೇ.

ಆದುದರಿಂದ ರೋಬೋಟ್ ಎಂಬ ಯಂತ್ರಹಸ್ತವು ಬಂದಿತು. ಶಹಾಬಾದದ ಹಾಸುಗಲ್ಲು ಜೋಡಿಸಿದ ಅಂಗಳದಂತೆ ಅದರ ತಳವು ಚೌಕಗಳಾಗಿ ಭಾಗಿಸಲ್ಪಟ್ಟಿರುವುದು. ಚೌಕದಲ್ಲಿ ತಟ್ಟೆಗಳನ್ನಿಟ್ಟರೆ ಮೇಲಿನಿಂದ ಹೀರುಗೊಳವೆಯು ಬಂದು ಕೆಲಸ ಮಾಡುವುದು. ಯಂತ್ರಕ್ಕೆ ಸ್ವಂತ ಬುದ್ಧಿಯಿಲ್ಲ. "ಹೊಸ ತುದಿಯನ್ನು ತೊಡು, ಮೊದಲನೆಯ ಗುಳಿಯಿಂದ ಹತ್ತು ಮೈಕ್ರೋಲೀಟರ್ ಹೀರು, ಎರಡನೆಯ ತಟ್ಟೆಯ ಅದೇ ಗುಳಿಗೆ ಬಿಡು, ತುದಿಯನ್ನು ಬಿಸುಡು" ಎಂದು ಪ್ರತಿಯೊಂದನ್ನೂ ಬರೆದುಕೊಡತಕ್ಕದ್ದು. ಈ ಬರಹವನ್ನು ಯಂತ್ರಕ್ಕೆ ತಿಳಿಯಪಡಿಸುವುದೇ ತಂತ್ರಾಂಶ.

ಬಹುಕಾಲ ಒಂದೊಂದು ಕಂಪನಿಯು ತನ್ನ ಯಂತ್ರಕ್ಕೆ ತನ್ನದೇ ತಂತ್ರಾಂಶವನ್ನು ಮಾಡಿ ಮುಚ್ಚಿಟ್ಟುಕೊಂಡಿತು. ಒಂದೂರಿನ ಸೇರು ಮತ್ತೊಂದೂರಿಗೆ ಹೊಂದದಿದ್ದ ಕಾಲದಂತೆ, ಒಂದು ಯಂತ್ರಕ್ಕೆ ಬರೆದುದು ಮತ್ತೊಂದರಲ್ಲಿ ನಡೆಯುತ್ತಿರಲಿಲ್ಲ. ಓಪನ್‌ಟ್ರಾನ್ಸ್ ಎಂಬ ಅಮೆರಿಕದ ಕಂಪನಿಯು ತನ್ನ ತಂತ್ರಾಂಶದ ಮೂಲಬರಹವನ್ನೇ ಬಹಿರಂಗಪಡಿಸಿತು. ಅದರ ಯಂತ್ರಕ್ಕೆ ಪೈಥಾನ್ ಎಂಬ ಸಾಮಾನ್ಯ ಗಣಕಭಾಷೆಯಲ್ಲಿ ಬರೆಯಬಹುದು. 2023ರಲ್ಲಿ ಪ್ರಕಟವಾದ ಪೈಲ್ಯಾಬ್‌ರೋಬೋಟ್ ಇನ್ನೂ ಮುಂದೆ ಹೋಗಿ, ಹ್ಯಾಮಿಲ್ಟನ್, ಟೆಕಾನ್, ಓಪನ್‌ಟ್ರಾನ್ಸ್ ಎಂಬ ಬೇರೆ ಬೇರೆ ಯಂತ್ರಗಳಿಗೂ ಒಂದೇ ರೀತಿಯ ಬರಹವು ಸಲ್ಲುವಂತೆ ಮಾಡಿತು. ಇಂತಹವಕ್ಕೆ ಮುಕ್ತ ತಂತ್ರಾಂಶವೆಂದು ಹೆಸರು: ಯಾರಾದರೂ ಓದಬಹುದು, ತಿದ್ದಬಹುದು, ಹಂಚಬಹುದು.

ಭೂಮಾಲಿಕನಿಗೆ ಇದರಿಂದೇನು? ಬರಹದಲ್ಲಿ ಒಂದು ಸಾಲು ಜಾರಿತೆನ್ನೋಣ. ಆಗ ಹನ್ನೆರಡು ಸಸಿಗಳ ಹೆಸರು ಅದಲುಬದಲಾಗಿ, ರೋಗಕ್ಕೆ ಬಲಿಯಾಗುವ ಸಸಿಯು ರೋಗ ತಾಳುವುದೆಂಬ ಪಟ್ಟಿಗೆ ಸೇರೀತು. ಮುಂದಿನ ಪರೀಕ್ಷೆಗಳಲ್ಲಿ ಅದು ಹಿಡಿಯಲ್ಪಡಬಹುದು. ಆದರೆ ಅಷ್ಟರಲ್ಲಿ ಹಂಗಾಮುಗಳು ಕಳೆದಿರುತ್ತವೆ. ಬರಹವು ತೆರೆದಿದ್ದರೆ ಮತ್ತೊಂದು ಪ್ರಯೋಗಶಾಲೆಯವರು ಅದನ್ನೋದಿ, ತಮ್ಮ ಯಂತ್ರದಲ್ಲಿಯೂ ನಡೆಯಿಸಿ, ತಪ್ಪನ್ನು ಬೇಗನೆ ಕಂಡುಹಿಡಿಯಬಲ್ಲರು.

ಆದರೂ ಮುಕ್ತವಾದುದೆಲ್ಲಾ ಸರಿಯೆಂದು ಭಾವಿಸಕೂಡದು. ಮೊದಲು ಗಣಕದಲ್ಲಿಯೇ ಅನುಕರಿಸಿ ನೋಡಿ, ಬಳಿಕ ಬಣ್ಣದ ನೀರಿನಿಂದ ಪರೀಕ್ಷಿಸಿ, ಆಮೇಲೆ ಬೆಲೆಯುಳ್ಳ ರಸವನ್ನು ಇಡುವುದು ಕ್ರಮ. ಕೊಳವೆಯು ರಸಕ್ಕೆ ಬದಲಾಗಿ ಗಾಳಿಗುಳ್ಳೆಯನ್ನು ಹೀರಿದರೆ ಬರಹದ ಶುದ್ಧಿಯಿಂದ ಪ್ರಯೋಜನವಿಲ್ಲ. ತಂತ್ರಾಂಶವು ಉಚಿತವಾದರೂ ಯಂತ್ರವು ಉಚಿತವಲ್ಲ. ತಾಲ್ಲೂಕಿನ ಮಣ್ಣುಪರೀಕ್ಷೆಗೆ ನಾಳೆಯೇ ಇದು ಬರುವುದೆಂದು ಯಾರೂ ಎಣಿಸಬಾರದು.

ಯಾವ ಯಂತ್ರವೂ ತಿದ್ದಲಾರದ ತಪ್ಪು ಹೊಲದಲ್ಲಿ ಆಗುವುದು. ನೆಟೆಯ ಸಂಶಯವುಂಟಾದಲ್ಲಿ ಪೂರ್ತಿ ಸತ್ತ ಗಿಡವನ್ನು ಕಳುಹಬೇಡಿರಿ. ಅದರಲ್ಲಿ ಬೇರೆ ಬೂಜುಗಳು ಸೇರಿರುತ್ತವೆ. ಆಗ ತಾನೇ ಬಾಡುತ್ತಿರುವ ಗಿಡವನ್ನು ಬೇರುಸಹಿತ ಕಿತ್ತು, ಕಾಂಡವನ್ನು ಸೀಳಿ ಒಳಗೆ ಕಪ್ಪು ಗೆರೆಗಳಿವೆಯೇ ಎಂದು ನೋಡಿ, ಕಾಗದದ ಚೀಲದಲ್ಲಿ ಕಳುಹಿರಿ. ಪ್ಲಾಸ್ಟಿಕ್ ಚೀಲದಲ್ಲಿ ಅದು ಕೊಳೆಯುವುದು. ಸರ್ವೆ ನಂಬರು, ತಳಿಯ ಹೆಸರು, ಹಿಂದಿನ ವರ್ಷದ ಬೆಳೆ ಇವಿಷ್ಟನ್ನೂ ಚೀಟಿಯಲ್ಲಿ ಪೆನ್ಸಿಲಿನಿಂದಲೇ ಬರೆಯಿರಿ. ಶಾಯಿಯು ತೇವಕ್ಕೆ ಹರಡಿ ಓದಲು ಬಾರದಂತಾಗುವುದು.