ಶಾಲಾಗಣತಿಯ ತಂತ್ರಾಂಶ: ಪುನಾರಚನೆಯೂ ಪರಿಣಾಮವೂ

ಮಡಿಕೇರಿಗೆ ಸಮೀಪದ ಗಾಳಿಬೀಡಿನಲ್ಲಿ ಜವಾಹರ ನವೋದಯ ವಿದ್ಯಾಲಯವಿದೆ. ನವೋದಯ ಶಾಲೆಗಳಲ್ಲಿ ಒಂದು ಪದ್ಧತಿಯುಂಟು: ಒಂಬತ್ತನೆಯ ತರಗತಿಯ ಮಕ್ಕಳಲ್ಲಿ ಶೇಕಡ 30ರಷ್ಟು ಮಂದಿ ಒಂದು ವರ್ಷಕಾಲ ಬೇರೊಂದು ಭಾಷಾಪ್ರದೇಶದ ನವೋದಯದಲ್ಲಿ ಕಲಿಯತಕ್ಕದ್ದು. ಹಾಗೆ ಉತ್ತರಕ್ಕೆ ತೆರಳಿದ ಕೊಡಗಿನ ಬಾಲಿಕೆಯನ್ನು ಗಣತಿಯಲ್ಲಿ ಯಾವ ಶಾಲೆಗೆ ಸೇರಿಸಬೇಕು?

ಪ್ರಶ್ನೆ ಅಲ್ಪವೆಂದು ತೋರಬಹುದು. ದೇಶದ ಶಾಲೆಗಳ ಲೆಕ್ಕವಿಡುವ ಯು-ಡೈಸ್ ಪ್ಲಸ್ ತಂತ್ರಾಂಶದಲ್ಲಿ 2021-22ರವರೆಗೆ ಶಾಲೆಗಳು ತರಗತಿವಾರು ಮೊತ್ತವನ್ನಷ್ಟೇ ತುಂಬುತ್ತಿದ್ದವು. ಮೊತ್ತಕ್ಕೆ ಹೆಸರಿಲ್ಲ, ಒಂದೇ ಮಗು ಎರಡು ಶಾಲೆಗಳ ಲೆಕ್ಕದಲ್ಲಿ ಸೇರಿದ್ದರೂ ಅದನ್ನು ಗುರುತಿಸುವ ಉಪಾಯವಿರಲಿಲ್ಲ. 2022-23ರಲ್ಲಿ ತಂತ್ರಾಂಶವನ್ನು ಪುನಾರಚಿಸಿ, ಪ್ರತಿಯೊಬ್ಬ ವಿದ್ಯಾರ್ಥಿಗೂ ಪ್ರತ್ಯೇಕ ದಾಖಲೆಯನ್ನು ಏರ್ಪಡಿಸಲಾಯಿತು. ಶಾಲೆ ಬದಲಾದರೂ ವಿದ್ಯಾರ್ಥಿಯ ಶಾಶ್ವತ ಸಂಖ್ಯೆ ಬದಲಾಗದು.

ಆ ಬಳಿಕ ಕಂಡ ಅಂಕಿಗಳು ಇತಿಹಾಸದ ಅಭ್ಯಾಸಿಗಳನ್ನು ತಡೆದು ನಿಲ್ಲಿಸುವಂಥವು. 2021-22ರಲ್ಲಿ ಸುಮಾರು 26.5 ಕೋಟಿಯಿದ್ದ ವಿದ್ಯಾರ್ಥಿಗಳ ಸಂಖ್ಯೆ 2023-24ರಲ್ಲಿ 24.8 ಕೋಟಿಯಾಯಿತು. ಇಷ್ಟು ಮಕ್ಕಳು ಶಾಲೆ ತೊರೆದರೆಂದು ಬರೆಯುವುದು ಅವಸರವೇ ಸರಿ. ಹೊಸ ಅಂಕಿಗಳನ್ನು ಹಳೆಯವುಗಳೊಡನೆ ನೇರವಾಗಿ ಹೋಲಿಸಲಾಗದೆಂದು ಶಿಕ್ಷಣ ಸಚಿವಾಲಯವೇ ತಿಳಿಸಿದೆ. ಆದರೆ ಎಲ್ಲವನ್ನೂ ತಂತ್ರಾಂಶದ ಮೇಲೆ ಹೊರಿಸುವುದೂ ಸಲ್ಲದು. ಜನನಪ್ರಮಾಣ ಇಳಿದಿದೆ, ಶಾಲೆ ಬಿಟ್ಟವರೂ ಉಂಟು. ಇನ್ನು ಕೊಡಗಿನ ಕಾಫಿತೋಟಗಳಿಗೆ ಅಸ್ಸಾಮಿನಿಂದ ಕೂಲಿಗೆ ಬರುವವರ ಮಕ್ಕಳನ್ನು ನೆನೆಯಿರಿ. ಹಳೆಯ ಕ್ರಮದಲ್ಲಿ ಅಂಥ ಮಗು ತರಗತಿಯಲ್ಲಿ ಕುಳಿತರೆ ತಲೆಯೆಣಿಕೆಗೆ ಸಾಕಾಗಿತ್ತು. ಈಗ ಹೆಸರು, ಜನ್ಮದಿನಾಂಕ ಮೊದಲಾದವೂ ಬೇಕು. ಕಾಗದಪತ್ರಗಳಿಲ್ಲದ ಮಗು ತರಗತಿಯಲ್ಲಿದ್ದೂ ಗಣತಿಯಿಂದ ಹೊರಗುಳಿಯುವ ಸಂಭವವುಂಟು.

ಆದುದರಿಂದ ಈ ಅಂಕಿಗಳನ್ನು ಪ್ರಬಂಧಗಳಲ್ಲಿ ಬಳಸುವ ವಿದ್ಯಾರ್ಥಿಗಳು ಕೋಷ್ಟಕದಲ್ಲಿ 2021-22ರ ಕೆಳಗೆ ಗೆರೆಯೊಂದನ್ನೆಳೆದು, ಎರಡು ಭಾಗಗಳನ್ನು ಬೇರೆ ಬೇರೆಯಾಗಿಯೇ ಕೊಡತಕ್ಕದ್ದು.