ಹಸಿರು ಚುಕ್ಕೆಗೂ ಜೀವವಿದೆ! ನಿಮಗಿದು ಗೊತ್ತೇ?

ಕೊಡಗಿನ ಕಡೆಗೋ ಚಿಕ್ಕಮಗಳೂರಿಗೋ ಹೋದಾಗ ತೋಟದಲ್ಲಿ ಒಂದು ಕಾಫಿ ಎಲೆ ಮಗುಚಿ ನೋಡಿ. ನಡುನರದ ಪಕ್ಕ ತೆಳು ಹಸಿರು ಚುಕ್ಕೆಗಳು ಸಾಲಾಗಿ ಅಂಟಿಕೊಂಡಿವೆಯೇ? ಅದು ಕಲೆಯಲ್ಲ. ಒಂದೊಂದು ಚುಕ್ಕೆಯೂ ಒಂದೊಂದು ಕೀಟ! ತೋಟದವರ ಬಾಯಲ್ಲಿ ಗ್ರೀನ್ ಬಗ್, ಪುಸ್ತಕದಲ್ಲಿ ಹಸಿರು ಶಲ್ಕ ಕೀಟ. ಉದ್ದ ಬರೀ 3 ಮಿಲಿಮೀಟರ್ ಆಸುಪಾಸು.

ವಿಜ್ಞಾನಿಗಳು ಇದನ್ನು ಕಾಕ್ಕಸ್ ವಿರಿಡಿಸ್ ಎನ್ನುತ್ತಾರೆ. ಲ್ಯಾಟಿನ್‌ನಲ್ಲಿ ವಿರಿಡಿಸ್ ಎಂದರೆ ಹಸಿರು. 1889ರಲ್ಲಿ, ಸಿಲೋನಿನ ಈ ಕೀಟಕ್ಕೆ ಆ ಹೆಸರು ಕೊಟ್ಟವರು ಯಾರು ಗೊತ್ತೇ? ಎಡ್ವರ್ಡ್ ಅರ್ನೆಸ್ಟ್ ಗ್ರೀನ್! ಕೀಟವೂ ಹಸಿರು, ಹೆಸರೂ ಹಸಿರು, ಹೆಸರಿಟ್ಟವರೂ ಹಸಿರು!

ಕಾಕ್ಕಸ್ ಪದದ ಬೇರು ಗ್ರೀಕ್‌ನಲ್ಲಿದೆ. ಅರ್ಥ ಕಾಳು, ಹಣ್ಣು. ಇದರ ನೆಂಟ ಕೀಟಗಳಿಂದ ಬಟ್ಟೆಗೆ ಕೆಂಪು ಬಣ್ಣ ತೆಗೆಯುತ್ತಿದ್ದ ಪುರಾತನರು ಅವನ್ನು ಮರದ ಕಾಯಿ ಎಂದೇ ನಂಬಿದ್ದರು!

ಇದರ ಬಂಧುಬಳಗ ದೊಡ್ಡದು. ಹಾಸಿಗೆಯ ತಿಗಣೆ ದೂರದ ಸಂಬಂಧಿ. ಹಿಟ್ಟು ತಿಗಣೆ ಹತ್ತಿರದ್ದು. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ತರುವ ಅರಗು ಇದೆಯಲ್ಲ, ಅದನ್ನು ಸುರಿಸುವ ಹುಳುವೂ ಇದೇ ಬಳಗದ್ದು!

ತಲೆ ಎಲ್ಲಿ, ಎದೆ ಎಲ್ಲಿ, ಹೊಟ್ಟೆ ಎಲ್ಲಿ? ಮೇಲಿನಿಂದ ಹುಡುಕಿದರೆ ಸಿಗುವುದಿಲ್ಲ. ಮೂರೂ ಬೆಸೆದು ಒಂದೇ ಚಪ್ಪಟೆ ಬಿಲ್ಲೆ. ರೆಕ್ಕೆಯಂತೂ ಇಲ್ಲವೇ ಇಲ್ಲ. ಅಡಿಯಲ್ಲಿ ಮಾತ್ರ ಆರು ಪುಟ್ಟ ಕಾಲುಗಳು ಅಡಗಿವೆ!

ಬಾಯಿ ಇರುವ ಜಾಗ ಕೇಳಿದರೆ ಬೆರಗಾಗುತ್ತೀರಿ. ಮುಂಗಾಲುಗಳ ನಡುವೆ! ಅಲ್ಲಿಂದ ಕೂದಲಿಗಿಂತ ಸಣ್ಣ ಕೊಳವೆ ಎಲೆಯೊಳಗೆ ಇಳಿದು ರಸ ಹೀರುತ್ತದೆ. ಬೇಡವಾದಾಗ ಅದನ್ನು ಸುರುಳಿ ಸುತ್ತಿ ಒಳಗಿನ ಚೀಲದಲ್ಲಿಟ್ಟುಕೊಳ್ಳುತ್ತದೆ!

ಬೆನ್ನಿನ ಮೇಲೆ ಬಾಗಿದ ಕಪ್ಪು ಗೆರೆ ಕಂಡಿತೇ? ಅದು ಬಣ್ಣದ ಪಟ್ಟೆಯಲ್ಲ, ಕೀಟದ ಕರುಳು. ತೆಳು ಚರ್ಮದ ಮೂಲಕ ಹೊರಗೇ ಕಾಣುತ್ತದೆ!

ಹಿಂಬದಿಯಲ್ಲೊಂದು ಸೀಳು. ಅದರ ತುದಿಗೆ ಎರಡು ತ್ರಿಕೋನ ಬಾಗಿಲುಗಳು. ಅವು ತೆರೆದಾಗ ಹೊರಬರುವುದು ಸಿಹಿ ಅಂಟು. ಇಂಥ ಜೋಡಿ ಬಾಗಿಲು ಕಂಡರೆ ಸಾಕು, ಮೃದು ಶಲ್ಕ ಕೀಟಗಳ ಮನೆತನ ಎಂದು ತಜ್ಞರು ಗುರುತು ಹಿಡಿಯುತ್ತಾರೆ!

ಆ ಸಿಹಿಗೆ ಇರುವೆಗಳು ಮುಗಿಬೀಳುತ್ತವೆ. ಮಲೆನಾಡಿನವರು ಚಟ್ನಿ ಅರೆಯುವ ಚಗಳಿ ಇರುವೆಯೂ ಅವುಗಳಲ್ಲಿ ಒಂದು. ದನ ಕಾಯುವಂತೆ ಈ ಕೀಟಗಳನ್ನು ಕಾಯುತ್ತದೆ. ಉಳಿದ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆ ಮಸಿ ಬಳಿದಂತಾಗುತ್ತದೆ!

ಇನ್ನೊಂದು ಕೇಳಿ. ಇಲ್ಲಿ ಗಂಡು ಸಿಗುವುದು ಬಲು ಅಪರೂಪ. ಹೆಣ್ಣು ಒಂಟಿಯಾಗಿಯೇ ಸಂತಾನ ಬೆಳೆಸುತ್ತದೆ. ತಾಯಿಯ ಮೈಯಡಿ ಬಿದ್ದ ಮೊಟ್ಟೆ ಕೆಲವೇ ಗಂಟೆಯೊಳಗೆ, ಒಮ್ಮೊಮ್ಮೆ ನಿಮಿಷಗಳಲ್ಲೇ ಒಡೆದು ಮರಿ ಹರಿದಾಡುತ್ತದೆ!

ಇಂಥ ಕೀಟಗಳ ಜಾತಿ ಖಚಿತಪಡಿಸುವ ಬಗೆಯೂ ವಿಚಿತ್ರ. ಪೊಟ್ಯಾಷ್ ದ್ರಾವಣದಲ್ಲಿ ಒಳಗಿನದ್ದೆಲ್ಲ ಕರಗಿಸಿ, ಉಳಿದ ಚರ್ಮಕ್ಕೆ ಬಣ್ಣ ಹಾಕಿ ಗಾಜಿನ ಮೇಲೆ ಹರಡುತ್ತಾರೆ. ಆಮೇಲೆ ಸೂಕ್ಷ್ಮದರ್ಶಕದಡಿ ಮುಳ್ಳು, ರಂಧ್ರಗಳ ಲೆಕ್ಕ!

ಇದನ್ನು ಕೊಲ್ಲುವ ಬಿಳಿ ಶಿಲೀಂಧ್ರವೊಂದಿದೆ. ಸತ್ತ ಕೀಟದ ಸುತ್ತ ಪ್ರಭಾವಳಿಯಂತೆ ಹಬ್ಬುತ್ತದೆ. ಅದೇ ಶಿಲೀಂಧ್ರ ಕಾಫಿಯ ತುಕ್ಕು ರೋಗದ ಮೇಲೂ ದಾಳಿ ಮಾಡುತ್ತದೆ. ಹಿಂದೆ ಸಿಲೋನಿನ ಕಾಫಿಯನ್ನು ಕಾಡಿದ್ದು ಆ ತುಕ್ಕು ಮತ್ತು ಈ ಹಸಿರು ಚುಕ್ಕೆ. ಎರಡಕ್ಕೂ ಒಬ್ಬನೇ ವೈರಿ, ಅದೂ ಒಂದು ಬೂಷ್ಟು!